ನಳಿನಾಕ್ಷಿಯರ ಭಾನುವಾರ

ಡೊಂಬಿವಲಿ ಪೂರ್ವ
20 ಜನವರಿ 2025

ಪ್ರೀತಿಯ ಅಪ್ಪ,

ನಮ್ಮ ಹೆಸರಿಗೆ ಒಂದು ಹಬ್ಬ ಬರುತ್ತಿದೆ! ಫೆಬ್ರವರಿ ಇಪ್ಪತ್ತಮೂರು, ಭಾನುವಾರ, 'ನಳಿನಾಕ್ಷಿ ದಿನ'! ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿ, ಎಲ್ಲೆಲ್ಲಿ ಕನ್ನಡದವರ ಮನೆಯಲ್ಲಿ ಒಬ್ಬ ನಳಿನಾಕ್ಷಿ ಇದ್ದಾಳೋ ಅವರನ್ನೆಲ್ಲ ನಮ್ಮ ಸಂಘದ ಹಾಲ್‌ಗೆ ಕರೆಸಿ ಇಡೀ ದಿನ ಹಾಡು, ಆಟ, ಊಟ. ಬೇರೆ ಹೆಸರಿನವರಿಗೆ ಪ್ರವೇಶವಿಲ್ಲ, ಬಡಿಸುವವರನ್ನು ಬಿಟ್ಟು. ಎಷ್ಟು ಮಜಾ ಅಲ್ವಾ?

ಫೋನಿನಲ್ಲಿ ಅಮ್ಮನಿಗೆ ಅರ್ಧ ಹೇಳಿದ್ದೇನೆ. ನಿಮಗೆ ಬರೆಯಲೇಬೇಕು. ನೀವು ಫೋನ್ ಎತ್ತಿದರೆ "ಹಾಂ, ಹೂಂ, ಅಮ್ಮನಿಗೆ ಕೊಡ್ತೇನೆ" ಅಷ್ಟೇ. ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರಿಗೆ ಕಾಗದವೇ ಆಗಬೇಕು. ಅಲ್ಲದೆ ಇಲ್ಲಿ ಫೋನಿನಲ್ಲಿ ಮಾತಾಡಿದರೆ ಹಾಲ್‌ನಿಂದ ಅಡುಗೆಮನೆವರೆಗೆ ಎಲ್ಲರಿಗೂ ಕೇಳಿಸುತ್ತದೆ. ಮನೆ ಇರುವುದೇ ಅಷ್ಟು.

ಇದೆಲ್ಲ ಹುಟ್ಟಿದ್ದು ನಿನ್ನೆಯ ಅರಿಸಿನ-ಕುಂಕುಮದಲ್ಲಿ. ಮದುವೆಯಾದ ಮೊದಲ ಸಂಕ್ರಾಂತಿಗೆ ಹೊಸ ಸೊಸೆಗೆ ಕಪ್ಪು ಸೀರೆ ಉಡಿಸಿ, ಸಕ್ಕರೆಯ ಒಡವೆ ತೊಡಿಸಿ ಅಕ್ಕಪಕ್ಕದ ಹೆಂಗಸರನ್ನು ಕರೆಯುವುದು ಮರಾಠಿ ಮನೆಗಳ ಪದ್ಧತಿ. ಮೂವತ್ತೈದು ವರ್ಷ ಇಲ್ಲಿದ್ದು ಅತ್ತೆ ಅದನ್ನು ನಮ್ಮದೇ ಮಾಡಿಕೊಂಡಿದ್ದಾರೆ. ನನ್ನ ಸಕ್ಕರೆ ಬಳೆಯಲ್ಲಿ ಅರ್ಧವನ್ನು ಇರುವೆ ತಿಂದವು, ಇನ್ನರ್ಧವನ್ನು ರಿತೇಶ್! ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳಬೇಕೆಂದು ಎಲ್ಲರೂ ಹಟ ಹಿಡಿದರು. ನಾನು ನಿಂತಲ್ಲೇ ಕಟ್ಟಿದೆ: "ಐರೋಲಿಗೆ ಹಿನ್ನೀರು, ಠಾಕುರ್ಲಿಗೆ ಬ್ರಿಜ್ಜು, ರಿತೇಶನ ಮನೆಯಲ್ಲಿ ಸದಾ ತುಂಬಿದ ಫ್ರಿಜ್ಜು." ಹೆಂಗಸರು ನಕ್ಕು ನಕ್ಕು ಸುಸ್ತು.

ಅತ್ತೆ ಕುಂಕುಮದ ತಟ್ಟೆ ಮುಟ್ಟಲಿಲ್ಲ. ಮಾವ ಹೋದ ಮೇಲೆ ಅವರು ಮುಟ್ಟುವುದಿಲ್ಲವಂತೆ. ಬಾಗಿಲ ಹತ್ತಿರ ಕುಳಿತು ಬಂದವರ ಹೆಸರು ಬರೆದುಕೊಂಡರು. ಹಾಗೆ ಬರೆಯುವಾಗ ಇಬ್ಬರು ನಳಿನಾಕ್ಷಿಯರು ಸಿಕ್ಕರು. ಮೂರನೆಯವರು ಅತ್ತೆಯೇ. "ಅಯ್ಯೋ, ನಮ್ಮದೇ ಒಂದು ಸಂಘ ಮಾಡುವಷ್ಟು ಜನ ಇದ್ದೇವಲ್ಲ!" ಎಂದರು. ಸಂಘದ ಕಾರ್ಯದರ್ಶಿ ಜಯಶೀಲಣ್ಣನಿಗೆ ಆಗಲೇ ಫೋನ್. ಈಗ ಅತ್ತೆಯೇ ಅಧ್ಯಕ್ಷೆ! ಒಂದೂವರೆ ತಿಂಗಳಲ್ಲಿ ಅವರನ್ನು ಇಷ್ಟು ಖುಷಿಯಲ್ಲಿ ನಾನು ನೋಡಿಲ್ಲ.

ನನ್ನ ಕೆಲಸ, ಬಂದವರ ಸೀರೆಗೆ ಸಿಕ್ಕಿಸುವ ಹೆಸರಿನ ಚೀಟಿ ಬರೆಯುವುದು. ನನ್ನ ಕನ್ನಡ ಅಕ್ಷರ ಚೆನ್ನಾಗಿದೆಯಂತೆ. ನೋಡಿ, ಇಂಗ್ಲಿಷ್ ಶಾಲೆಗೆ ಹಾಕಿ ಭಾನುವಾರ ಭಾನುವಾರ ಕಾಪಿ ಬರೆಸಿದ್ದು ದಂಡವಾಗಲಿಲ್ಲ!

ನಾನಂತೂ ಇಲ್ಲಿ ಮಾನಸಿ. ಮದುವೆಯ ದಿನ ಅಕ್ಕಿಯ ಹರಿವಾಣದಲ್ಲಿ ರಿತೇಶ್ ಉಂಗುರದಿಂದ ಆ ಹೊಸ ಹೆಸರು ಬರೆದದ್ದನ್ನು ನೀವೂ ನೋಡಿದ್ದೀರಲ್ಲ. ಅಭ್ಯಾಸವಾಗಿದೆ. ಮೂರನೆಯ ಸಲ ಕರೆದಾಗ ತಿರುಗುತ್ತೇನೆ.

ಅಮ್ಮನಿಗೆ ಮುತ್ತು.

ನಿಮ್ಮ ನಳಿ

*

ಐರೋಲಿ
27 ಜನವರಿ 2025

ಚಿರಂಜೀವಿ ನಳಿನಾಕ್ಷಿಗೆ ಆಶೀರ್ವಾದಗಳು.

ನಿನ್ನ ಕಾಗದ ಮೂರನೆಯ ದಿನ ತಲುಪಿತು. ಡೊಂಬಿವಲಿಯಿಂದ ಐರೋಲಿಗೆ ಮೂರು ದಿನ ಹೆಚ್ಚಾಯಿತು, ಆದರೆ ನಾನೀಗ ಹೇಳುವವನಲ್ಲ.

ನಾವು ಸೌಖ್ಯ. ನಿನ್ನ ಅಮ್ಮ ಪ್ರಾಸವನ್ನು ಕೆಳಗಿನ ಮನೆಯವರಿಗೂ ಓದಿ ಹೇಳಿದಳು. ಮದುವೆಯಾದ ಮೇಲೆ ನೀನು ಒಮ್ಮೆಯೂ ಈ ಕಡೆ ಬಂದಿಲ್ಲ ಎಂದು ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ.

ಒಂದು ಮಾತು ಕೇಳುತ್ತೇನೆ. ಎಲ್ಲರ ಚೀಟಿ ನೀನು ಬರೆಯುತ್ತಿ. ಆ ದಿನ ನಿನ್ನ ಸೀರೆಯ ಮೇಲಿನ ಚೀಟಿಯಲ್ಲಿ ಏನಿರುತ್ತದೆ?

ಇಂತಿ ನಿನ್ನ ಅಪ್ಪ
ಗುಣಪಾಲ

*

ಡೊಂಬಿವಲಿ ಪೂರ್ವ
3 ಫೆಬ್ರವರಿ 2025

ಪ್ರೀತಿಯ ಅಪ್ಪ,

ಇಪ್ಪತ್ತೆರಡು! ಇಪ್ಪತ್ತೆರಡು ನಳಿನಾಕ್ಷಿಯರು ಸಿಕ್ಕಿದ್ದಾರೆ! ಕಲ್ಯಾಣದಲ್ಲಿ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ, ಫೋನಿನಲ್ಲೇ ನನ್ನ ಉಚ್ಚಾರ ತಿದ್ದಿದರು. ಘಣಸೋಲಿಯಲ್ಲಿ ಕ್ಯಾಟರಿಂಗ್ ಮಾಡುವವರೊಬ್ಬರು, "ನಾನೇ ಊಟ ತರ್ತೇನೆ, ನೀವು ಬರೇ ಹಸಿವು ತನ್ನಿ" ಎಂದರು. ಠಾಕುರ್ಲಿಯಲ್ಲಿ ಎಂಬತ್ತನಾಲ್ಕರ ಒಬ್ಬ ಅಜ್ಜಿ, ಎರಡು ಸಲ ಆಟೋ ಕಳಿಸಬೇಕಂತೆ, ಒಂದು ಅವರಿಗೆ, ಇನ್ನೊಂದು ಅವರ ಕುರ್ಚಿಗೆ. ಎಲ್ಲರಿಗೂ ಅತ್ತೆ ತಾವೇ ಫೋನ್ ಮಾಡುತ್ತಾರೆ. "ನಾನು ನಳಿನಾಕ್ಷಿ ಮಾತಾಡುವುದು" ಎನ್ನುವಾಗ ಅವರ ಸ್ವರವೇ ಬೇರೆ.

ನಿಮ್ಮ ಪ್ರಶ್ನೆಯನ್ನು ಮರೆತಿಲ್ಲ. ನನ್ನ ಚೀಟಿ ಇಲ್ಲ. 'ಸ್ವಯಂಸೇವಕಿ' ಎಂಬ ಪಟ್ಟಿ ಇದೆ, ಅದನ್ನು ಕಟ್ಟಿಕೊಳ್ಳುತ್ತೇನೆ. ಪಟ್ಟಿ ಕೇಸರಿ ಬಣ್ಣದ್ದು, ಚೆಂದ ಇದೆ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಎಂದು ಆಫೀಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಇಲ್ಲಿ ಥಾಣೆಯ ಆಫೀಸಿನಲ್ಲಿ ನಾನಿನ್ನೂ ನಳಿನಾಕ್ಷಿ. ಬೆಳಗಿನ ಲೋಕಲ್ ದಿವಾ ಸ್ಟೇಷನ್ ದಾಟಿದ ಮೇಲೆ ಹೆಸರು ವಾಪಸ್ ಬರುತ್ತದೆ, ಸಂಜೆ ದಿವಾದಲ್ಲಿ ಇಳಿದು ಹೋಗುತ್ತದೆ. ಇದನ್ನು ರಿತೇಶ್‌ಗೆ ಹೇಳಿ ನಕ್ಕೆ. ಅವನು ನಗಲಿಲ್ಲ.

ಕಳೆದ ವಾರ ಅವನು ಒಂದು ಫೈಲ್ ತಂದಿಟ್ಟ. ಗೆಜೆಟ್‌ನಲ್ಲಿ ಹೆಸರು ಬದಲಿಸುವ ಅರ್ಜಿ. ಹಳೆಯ ಹೆಸರು, ಹೊಸ ಹೆಸರು, ಕಾರಣ: ವಿವಾಹ. ಎಲ್ಲ ಟೈಪ್ ಆಗಿದೆ, ಸಹಿಯೊಂದು ಬಾಕಿ. ಕಲ್ಯಾಣದ ಏಜೆಂಟರ ಆಫೀಸಿನಲ್ಲಿ ಫೆಬ್ರವರಿ ಇಪ್ಪತ್ನಾಲ್ಕು, ಸೋಮವಾರ, ಹನ್ನೊಂದು ಗಂಟೆಗೆ. ಅಂದರೆ ನಳಿನಾಕ್ಷಿ ದಿನದ ಮರುದಿನ. ಅದಾದ ಮೇಲೆ ಆಧಾರ್, ಬ್ಯಾಂಕ್, ಪಾಸ್‌ಪೋರ್ಟ್, ಆಫೀಸು, ಎಲ್ಲ ಕಡೆಯೂ ಮಾನಸಿ. ದಿವಾದ ಆಚೆಯೂ.

"ಮನೆಯಲ್ಲಿ ಕರೆಯೋದು ಸಾಕಲ್ವಾ? ಕಾಗದದಲ್ಲಿ ಯಾಕೆ?" ಎಂದು ಕೇಳಿದೆ.

"ಯಾರ್, ನಾನು ಅಮ್ಮನ ಎದುರು 'ನಳಿನಾಕ್ಷಿ, ಚಾ ಕೊಡು' ಅಂತ ಹೇಗೆ ಹೇಳ್ಲಿ? ಇಬ್ರೂ ಎದ್ದು ಬರ್ತೀರಿ. ಇಲ್ಲಾಂದ್ರೆ ಇಬ್ರೂ ಬರಲ್ಲ."

"ಮದುವೆಗೆ ಮುಂಚೆ ಎರಡು ವರ್ಷ ಏನಂತ ಕರೀತಿದ್ದೆ?"

"ಆಗ ಅಮ್ಮ ಜೊತೆಗೆ ಇರ್ಲಿಲ್ಲ."

ಅತ್ತೆ ಅಡುಗೆಮನೆಯಿಂದಲೇ ಹೇಳಿದರು, "ಅದರಲ್ಲಿ ಚರ್ಚೆ ಎಂತದು ಮಾರಾಯ್ತಿ? ಇದೆಲ್ಲ ಮದುವೆಗೆ ಮೊದಲೇ ಮಾತಾಡಿ ಆಗಿದೆ."

ಯಾರ ಜೊತೆ ಮಾತಾಡಿ ಆಗಿದೆ, ಅಪ್ಪ? ನನ್ನ ಜೊತೆ ಅಲ್ಲ. ರಿತೇಶ್ ಅಕ್ಕಿಯಲ್ಲಿ ಮೊದಲ ಅಕ್ಷರ ಬರೆದಾಗ ನಾನು ತಲೆಯೆತ್ತಿ ನಿಮ್ಮನ್ನು ನೋಡಿದೆ. ನೀವು ಫ್ಯಾನ್ ನೋಡುತ್ತಿದ್ದಿರಿ. ನಿಮಗೆ ಗೊತ್ತಿತ್ತಾ?

ನಾನು ತುಂಬಾ ಖುಷಿಯಲ್ಲಿದ್ದೇನೆ, ಅದು ಸುಳ್ಳಲ್ಲ. ರಿತೇಶ್ ಒಳ್ಳೆಯವನು, ಅತ್ತೆ ನನ್ನ ಡಬ್ಬಿಗೆ ದಿನಾ ಎರಡು ದೋಸೆ ಹೆಚ್ಚೇ ಹಾಕುತ್ತಾರೆ. ಈ ಒಂದಕ್ಕೆ ಮಾತ್ರ ಉತ್ತರ ಬರೆಯಿರಿ.

ನಳಿ

*

ಐರೋಲಿ
8 ಫೆಬ್ರವರಿ 2025

ಚಿರಂಜೀವಿ ನಳಿನಾಕ್ಷಿಗೆ,

ಗೊತ್ತಿತ್ತು.

ನವೆಂಬರದಲ್ಲಿ ನಾನೂ ನಿನ್ನ ಅಮ್ಮನೂ ಅವರ ಮನೆಗೆ ಹೋದಾಗ ನಿನ್ನ ಅತ್ತೆ ನನ್ನನ್ನು ಬಾಲ್ಕನಿಗೆ ಕರೆದು ಕೇಳಿದರು. ಒಂದೇ ಮನೆಯಲ್ಲಿ ಅತ್ತೆ ಸೊಸೆಗೆ ಒಂದೇ ಹೆಸರು ಆಗುವುದಿಲ್ಲ, ಬದಲಿಸಬೇಕು, ನಿಮ್ಮದೇನಾದರೂ ಅಭ್ಯಂತರ ಉಂಟೋ ಎಂದರು. "ಅದಕ್ಕೇನು" ಎಂದೆ. ಇಷ್ಟೇ ನಾನು ಹೇಳಿದ್ದು. ನಿನ್ನ ಅಮ್ಮನಿಗೂ ಹೇಳಲಿಲ್ಲ. ನಿನಗೆ ಹೇಳಬೇಕೆಂದು ಮೂರು ಸಲ ಹೊರಟೆ. ಮೂರು ಸಲವೂ ನೀನು ಸೀರೆ ತೋರಿಸುತ್ತಿದ್ದೆ.

ಹೆದರಿದೆ ಎಂದರೆ ಅರ್ಧ ಸತ್ಯ. ಇನ್ನರ್ಧ ನನ್ನ ಕೆಲಸದ ಬುದ್ಧಿ. ಅಂಚೆಯಲ್ಲಿ ನಮಗೆ ಮೊದಲು ಕಲಿಸಿದ್ದು ವಿಳಾಸ ನೋಡು ಎಂದು. ಹೆಸರು ಕೊನೆಗೆ. ಹೆಸರು ತಪ್ಪಿದ್ದರೂ ವಿಳಾಸ ಸರಿಯಿದ್ದರೆ ಕಾಗದ ಮನೆ ಸೇರುತ್ತದೆ. ಹೆಸರು ಎಷ್ಟು ಸರಿಯಿದ್ದರೂ ವಿಳಾಸವಿಲ್ಲದ್ದು ಮರಳಿ ಬರುತ್ತದೆ. ಮೂವತ್ತಾರು ವರ್ಷ ಹಾಗೆಯೇ ವಿಂಗಡಿಸಿದೆ. ನನ್ನ ಮಗಳು ಒಳ್ಳೆಯ ಮನೆ ಸೇರುತ್ತಾಳೆ, ಮೇಲೆ ಯಾವ ಹೆಸರು ಬರೆದರೇನು ಎಂದುಕೊಂಡೆ. ನಿನ್ನನ್ನೂ ಒಂದು ಲಕೋಟೆಯೆಂದು ಲೆಕ್ಕ ಹಾಕಿದೆ.

ಆ ಹೆಸರು ನನ್ನ ಅಮ್ಮನದು. ಇದು ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ನನ್ನ ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು, ನಾವು ಕಾಪುವಿನಲ್ಲಿ. ಅಮ್ಮನಿಗೆ ಬರೆಯಲು ಬಾರದು. ಅವಳು ಬೀಡಿ ಕಟ್ಟುತ್ತ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಕೊನೆಯ ಸಾಲಿಗೆ ಬಂದಾಗ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಳ್ಳುತ್ತಿದ್ದಳು. "ಇದನ್ನು ನಾನೇ ಬರೆಯಬೇಕು" ಎನ್ನುವಳು. ನಾಲ್ಕೇ ಅಕ್ಷರ, ಅದಕ್ಕೆ ಐದು ನಿಮಿಷ. ಅವಳಿಗೆ ಬರುತ್ತಿದ್ದದ್ದು ಆ ನಾಲ್ಕೇ.

ಇಂಥದನ್ನು ಬಾಲ್ಕನಿಯಲ್ಲಿ "ಅದಕ್ಕೇನು" ಎಂದು ಕೊಟ್ಟುಬಿಟ್ಟೆ. ನಿನ್ನದನ್ನು ಕೊಡಲು ನಾನು ಯಾರು?

ಸಿಟ್ಟು ಮಾಡಿಕೋ. ಆದರೆ ಬರೆ.

ಅಪ್ಪ

*

ಐರೋಲಿ
15 ಫೆಬ್ರವರಿ 2025

ಶ್ರೀಮತಿ ನಳಿನಾಕ್ಷಿಯವರಿಗೆ ಗುಣಪಾಲನ ನಮಸ್ಕಾರಗಳು.

ಬೀಗರು ಬೀಗರಿಗೆ ಬರೆಯುವಂಥ ಕಾಗದವಲ್ಲ ಇದು. ಕ್ಷಮಿಸಬೇಕು. ಮಗಳಿಗೆ ಬರೆದು ಒಂದು ವಾರವಾಯಿತು, ಉತ್ತರವಿಲ್ಲ. ಅವಳ ಅಮ್ಮ ಫೋನ್ ಮಾಡಿದರೆ "ಎಲ್ಲ ಸೂಪರ್" ಎನ್ನುತ್ತಾಳೆ. ಆ ಸ್ವರ ನಮಗೆ ಗೊತ್ತು.

ನವೆಂಬರದಲ್ಲಿ ನಿಮ್ಮ ಬಾಲ್ಕನಿಯಲ್ಲಿ ನಾನು ಒಪ್ಪಿಗೆ ಕೊಟ್ಟೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನಿಮ್ಮದು ತಪ್ಪಿಲ್ಲ. ನೀವು ಕೇಳಿದಿರಿ, ನಾನು ಹೇಳಿದೆ. ಆದರೆ ನೀವು ಕೇಳಬೇಕಾದದ್ದು ಅವಳನ್ನು, ನಾನು ಹೇಳಬೇಕಾದದ್ದೂ ಅಷ್ಟೇ: ಅವಳನ್ನು ಕೇಳಿ ಎಂದು.

ಇಪ್ಪತ್ನಾಲ್ಕನೆಯ ತಾರೀಕಿನ ಸಹಿಯನ್ನು ನಿಲ್ಲಿಸಬೇಕೆಂದು ವಿನಂತಿ.

ಇಂತಿ ನಿಮ್ಮ ವಿಶ್ವಾಸಿ
ಗುಣಪಾಲ

*

ಡೊಂಬಿವಲಿ ಪೂರ್ವ
20 ಫೆಬ್ರವರಿ 2025

ಗುಣಪಾಲರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಇನ್ನೂ ಇಳಿದಿಲ್ಲ.

ಗಂಡಸರು ಕೊಟ್ಟ ಮಾತನ್ನು ಇನ್‌ಲ್ಯಾಂಡ್ ಕಾಗದದಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಇದೇ ಮೊದಲು ನೋಡಿದ್ದು. ನಾನು ಕದ್ದು ಮುಚ್ಚಿ ಏನೂ ಮಾಡಿಲ್ಲ. ಕೇಳಿಯೇ ಮಾಡಿದ್ದೇನೆ. ಮಗಳಿಗೆ ಹೇಳುವ ಧೈರ್ಯ ನಿಮಗಿಲ್ಲದಿದ್ದರೆ ಕೆಟ್ಟ ಅತ್ತೆ ನಾನಾಗಬೇಕೇ?

ನೀವು ವಿಳಾಸದಲ್ಲಿ ನನ್ನ ಹೆಸರು ಬರೆದಿರಿ. ಬ್ಯಾಂಕಿನವರನ್ನು ಬಿಟ್ಟರೆ ಹಾಗೆ ಬರೆಯುವವರು ಈಗ ಇಲ್ಲ. ರಿತೇಶನ ಅಪ್ಪ 'ನಳಿನಾ' ಎನ್ನುತ್ತಿದ್ದರು, ಅವರು ಹೋಗಿ ಒಂಬತ್ತು ವರ್ಷ. ಕಟ್ಟಡದಲ್ಲಿ ನಾನು ರಿತೇಶನ ಅಮ್ಮ, ಅಂಗಡಿಯಲ್ಲಿ ಆಂಟಿ, ಮನೆಯಲ್ಲಿ ಅಮ್ಮ, ಈಗ ಅತ್ತೆ. ಅರಿಸಿನ-ಕುಂಕುಮಕ್ಕೆ ನನ್ನನ್ನು ಕರೆಯುವುದಿಲ್ಲ. ಕರೆದರೂ ಬಾಗಿಲ ಹತ್ತಿರ ಕುಳಿತುಕೊಳ್ಳುತ್ತೇನೆ. ಗಂಡ ಬೇಡ, ಕುಂಕುಮ ಬೇಡ, ಹೆಸರೊಂದು ಇದ್ದರೆ ಸಾಕು ಎಂಬ ಒಂದು ಹಬ್ಬ ಮಾಡಿಕೊಂಡೆ. ಅದು ತಮಾಷೆಯೆಂದು ಎಲ್ಲರೂ ತಿಳಿದಿದ್ದಾರೆ. ತಿಳಿಯಲಿ.

ನಾಳೆ ನನ್ನ ಮಗ ಆ ಹೆಸರು ಕರೆದಾಗ ಅವಳು "ಓ" ಎಂದರೆ, ನನ್ನ ಪಾಲಿಗೆ ಉಳಿಯುವುದೇನು?

ಸೋಮವಾರ ಅವಳು ಸಹಿ ಹಾಕುತ್ತಾಳೆ. ಮಾತು ಹಿಂದೆ ತೆಗೆದುಕೊಳ್ಳುವುದಿದ್ದರೆ ನನ್ನೆದುರು ಕುಳಿತು ಬಾಯಿಬಿಟ್ಟು ಹೇಳಿ.

ನಳಿನಾಕ್ಷಿ

*

ಡೊಂಬಿವಲಿ ಪೂರ್ವ
25 ಫೆಬ್ರವರಿ 2025

ಅಪ್ಪ,

ನೀವು ಬರೆದು ಹದಿನೇಳು ದಿನವಾಯಿತು, ನಾನು ಬರೆಯಲಿಲ್ಲ. ಸಿಟ್ಟಿನಿಂದಲೇ. ನೀವು ಅತ್ತೆಗೆ ಬರೆದದ್ದನ್ನು ಅವರು ಮೊನ್ನೆ ನನ್ನ ಕೈಗೆ ಕೊಟ್ಟರು. ಓದಿದ ಮೇಲೂ ಇಳಿಯಲಿಲ್ಲ, ಆದರೆ ಬರೆಯಬೇಕೆನಿಸಿತು.

ಮೊದಲು ಭಾನುವಾರದ್ದು. ಇಪ್ಪತ್ತೇಳು ಜನ ಬಂದರು! ಜಯಶೀಲಣ್ಣ ಮೈಕಿನಲ್ಲಿ "ನಳಿನಾಕ್ಷಿಯವರೇ, ಸ್ವಲ್ಪ ಮುಂದೆ ಬನ್ನಿ" ಎಂದದ್ದೇ ತಪ್ಪು, ಇಡೀ ಹಾಲ್ ಎದ್ದು ಮುಂದೆ ಬಂತು. ಘಣಸೋಲಿಯವರ ಕೋರಿರೊಟ್ಟಿ ಹನ್ನೆರಡೂವರೆಗೇ ಖಾಲಿ.

ನಾನು ಬಾಗಿಲ ಬಳಿಯ ಮೇಜಿನಲ್ಲಿ ಚೀಟಿ ಸಿಕ್ಕಿಸುತ್ತಿದ್ದೆ. ಪಕ್ಕದಲ್ಲಿ ಅತ್ತೆ ಎಲ್ಲರನ್ನೂ ಸ್ವಾಗತಿಸುತ್ತಿದ್ದರು. ಠಾಕುರ್ಲಿಯ ಅಜ್ಜಿ ಕುರ್ಚಿ ಸಮೇತ ಬಂದರು. ಅವರ ಸೆರಗಿಗೆ ಪಿನ್ ಹಾಕಲು ಬಾಗಿದೆ. ಅವರು ನನ್ನ ಗಲ್ಲ ಹಿಡಿದು, "ನಿನ್ನ ಹೆಸರೆಂತ ಮಗಾ?" ಎಂದರು.

ಅಪ್ಪ, ಎರಡೂವರೆ ತಿಂಗಳಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ಉಳಿದವರಿಗೆಲ್ಲ ಯಾರಾದರೂ ನನ್ನ ಪರವಾಗಿ ಹೇಳಿಬಿಟ್ಟಿರುತ್ತಾರೆ. ಅತ್ತೆ ಅಲ್ಲೇ ಇದ್ದರು. ಕೈಯಲ್ಲಿ ಪಿನ್ ಇತ್ತು, ಬೆರಳಿಗೆ ಚುಚ್ಚಿಕೊಂಡೆ.

"ನಳಿನಾಕ್ಷಿ" ಎಂದೆ.

"ಮತ್ತೆ ನಿನ್ನ ಚೀಟಿ ಎಲ್ಲಿ?"

ಅತ್ತೆ ವೇದಿಕೆಯ ಕಡೆ ಹೋದರು.

ಊಟದ ಮುಂಚೆ ಅತಿ ಹಿರಿಯರಿಗೆ ಅತಿ ಕಿರಿಯರಿಂದ ಹೂವು ಕೊಡಿಸುವ ಕಾರ್ಯಕ್ರಮ. ಜಯಶೀಲಣ್ಣ ಪಟ್ಟಿ ನೋಡಿ ಘಣಸೋಲಿಯವರನ್ನು ಕರೆದರು, ನಲವತ್ತೊಂಬತ್ತು ವರ್ಷ. ಅಜ್ಜಿ ಕುರ್ಚಿಯಿಂದಲೇ ಕೂಗಿದರು: "ಅವಳೆಲ್ಲಿ ಸಣ್ಣವಳು! ಆ ಚೀಟಿಯ ಹುಡುಗಿ ಉಂಟಲ್ಲ, ಅವಳನ್ನು ಕರೆಯಿರಿ."

"ಅಜ್ಜೀ, ಅವಳು ಮಾನಸಿ."

"ನನ್ನ ಹತ್ತಿರ ನಳಿನಾಕ್ಷಿ ಅಂದಳು. ನನಗೆ ಕಿವಿ ಸರಿ ಉಂಟು, ಕಾಲು ಮಾತ್ರ ಇಲ್ಲ."

ಎಲ್ಲರೂ ನಕ್ಕರು. ಜಯಶೀಲಣ್ಣ ನಗುತ್ತಲೇ ಅತ್ತೆಯ ಕಡೆ ತಿರುಗಿ, "ಅಕ್ಕಾ, ಯಾವುದು ಸರಿ?" ಎಂದು ಮೈಕ್ ಹಿಡಿದರು. ಅತ್ತೆ, "ಅವಳು ನನ್ನ ಸೊಸೆ. ಅವಳ ಹೆಸರು" ಎಂದು ಶುರುಮಾಡಿ ನಿಂತುಬಿಟ್ಟರು. ನಗು ನಿಂತಿತು. ರಿತೇಶ್ ಹಿಂದೆ ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

ನಾನು ಮೇಲೆ ಹೋದೆ. ಮೈಕ್ ತೆಗೆದುಕೊಂಡು, "ನನ್ನ ಹೆಸರು ನಳಿನಾಕ್ಷಿ. ಅಪ್ಪನ ಅಮ್ಮನ ಹೆಸರು" ಎಂದೆ. ಹೂವು ಕೊಟ್ಟೆ. ಚಪ್ಪಾಳೆ ಬಿತ್ತು. ಅತ್ತೆ ಚಪ್ಪಾಳೆ ತಟ್ಟಲಿಲ್ಲ. ಊಟ ಮಾಡದೆ ಒಬ್ಬರೇ ಆಟೋದಲ್ಲಿ ಮನೆಗೆ ಹೋದರು.

ನಿನ್ನೆ ಬೆಳಿಗ್ಗೆ ಒಂಬತ್ತೂವರೆಗೆ ಅವರು ಸೀರೆ ಉಟ್ಟು, ಫೈಲ್ ತೊಡೆಯ ಮೇಲಿಟ್ಟುಕೊಂಡು ಹಾಲ್‌ನಲ್ಲಿ ಕುಳಿತಿದ್ದರು. ರಿತೇಶ್ ಶೂ ಲೇಸ್ ಕಟ್ಟುತ್ತಲೇ ಇದ್ದ, ಹತ್ತು ನಿಮಿಷದಿಂದ.

"ನಾನು ಬರುವುದಿಲ್ಲ ಅತ್ತೆ," ಎಂದೆ. "ಮನೆಯಲ್ಲಿ ಏನು ಬೇಕಾದರೂ ಕರೆಯಿರಿ, ಓ ಎನ್ನುತ್ತೇನೆ. ಸಹಿ ಹಾಕುವುದಿಲ್ಲ. ಇವತ್ತಲ್ಲ, ಯಾವತ್ತೂ ಅಲ್ಲ."

"ಅಂದರೆ ಕಾಗದದಲ್ಲಿ ನೀನು ಇರ್ತಿ. ಬಾಯಲ್ಲಿ ನಾನು. ನನ್ನನ್ನು ಬಾಯಲ್ಲಿ ಕರೆಯುವವರು ಯಾರಿದ್ದಾರೆ?"

ರಿತೇಶ್ ಮೊದಲ ಸಲ ತಲೆಯೆತ್ತಿದ. "ಅಮ್ಮಾ, ಏಜೆಂಟರಿಗೆ ಬೇಡ ಅಂತ ಹೇಳ್ತೇನೆ," ಎಂದ. ಇಷ್ಟು ಹೇಳಲು ಅವನಿಗೆ ಎರಡೂವರೆ ತಿಂಗಳು ಬೇಕಾಯಿತು. ಈ ವಿಷಯದಲ್ಲಿ ಅವನು ನಿಮ್ಮ ಅಳಿಯನೇ ಸರಿ.

ಅತ್ತೆ ಹನ್ನೊಂದಾಗುವವರೆಗೆ ಅಲ್ಲೇ ಕುಳಿತಿದ್ದರು. ಗಡಿಯಾರ ನೋಡಿ, ಎದ್ದು, ಸೀರೆ ಬದಲಿಸಿ ಅಕ್ಕಿ ತೊಳೆದರು.

ಸಂಜೆ ಫೋನ್ ಬಂತು. ಸ್ಪೀಕರಿನಲ್ಲಿತ್ತು. "ನಳಿನಾಕ್ಷಿಯಾ? ನಾನು ನಳಿನಾಕ್ಷಿ, ಘಣಸೋಲಿ. ಊಟ ಮಾಡದೆ ಹೋದದ್ದು ಎಂತಕ್ಕೆ ಮಾರಾಯ್ತಿ? ನನ್ನ ಮಸಾಲೆ ಹೆದರಿಸಿತಾ?" ನಾವಿಬ್ಬರೂ ಫೋನಿನ ಕಡೆ ನೋಡಿದೆವು. ಅತ್ತೆ ಅದನ್ನು ಎತ್ತಿಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ನಲವತ್ತು ನಿಮಿಷ. ಇವತ್ತು ಕಲ್ಯಾಣದ ಟೀಚರ್ ಮಾಡಿದ್ದಾರೆ.

ನನ್ನ ಜೊತೆ ಮಾತ್ರ ಇನ್ನೂ ಸರಿಯಿಲ್ಲ. ಭಾನುವಾರದಿಂದ ನನಗೆ ಯಾವ ಹೆಸರೂ ಇಲ್ಲ. "ಬಾ", "ತಗೋ", "ಗ್ಯಾಸ್ ಆಫ್ ಮಾಡು", ಅಷ್ಟೇ. ಡಬ್ಬಿಗೆ ದೋಸೆ ಹಾಕಿದ್ದಾರೆ.

ಇವತ್ತು ಬೆಳಿಗ್ಗೆ ಹೇಳಿದರು, "ನಿನ್ನ ಅಪ್ಪನಿಗೆ ಬರೆ. ಸಹಿಯ ವಿಷಯ ಮುಗಿಯಿತು. ಆದರೆ ಅವರು ಕೊಟ್ಟದ್ದು ಬಾಯಿಮಾತು. ಹಿಂದಕ್ಕೂ ಬಾಯಿಂದಲೇ ತೆಗೆದುಕೊಳ್ಳಬೇಕು. ನಾನೇ ಬಂದು ಕೇಳ್ತೇನೆ." ಅವರು ನಿಮ್ಮ ಬಾಯಿಂದ ಕೇಳಬೇಕಂತೆ. ನನಗೂ ಕೇಳಬೇಕು. ಅಮ್ಮನಿಗೆ ಫೋನ್ ಕೊಡುವ ಹಾಗಿಲ್ಲ, ಫ್ಯಾನ್ ನೋಡುವ ಹಾಗಿಲ್ಲ. ನಮ್ಮಿಬ್ಬರ ಎದುರು ಕುಳಿತು ಹೇಳಬೇಕು, ತಪ್ಪಾಯಿತು ಎಂದು ಅವರಿಗೆ ಒಂದು ಸಲ, ನನಗೆ ಒಂದು ಸಲ.

ರಿತೇಶ್ ಬರುವುದಿಲ್ಲ. ನಾವಿಬ್ಬರೇ ಐರೋಲಿಗೆ ಬರುತ್ತೇವೆ. ಮಾರ್ಚ್ ಎರಡು, ಭಾನುವಾರ, ಥಾಣೆಯಿಂದ ನಾಲ್ಕು ಹದಿನೆಂಟರ ವಾಶಿ ಲೋಕಲ್, ಹೆಂಗಸರ ಡಬ್ಬಿ.

ನಳಿನಾಕ್ಷಿ